ಆಸ್ತಿ ಮರುಮೌಲ್ಯಮಾಪನದ ನೋಟಿಸನ್ನು ಪರಿಶೀಲಿಸುವ ಬಗೆ

ತೆರಿಗೆಗಾಗಿ ಆಸ್ತಿಯ ಮೌಲ್ಯವನ್ನು ಹೊಸದಾಗಿ ನಿರ್ಧರಿಸಿ ತಿಳಿಸುವ ಮರುಮೌಲ್ಯಮಾಪನದ ನೋಟಿಸು ಕೈಸೇರಿದಾಗ ಮೊತ್ತಕ್ಕಿಂತ ಮೊದಲು ಆಸ್ತಿಯ ವಿವರಗಳನ್ನು ಓದಬೇಕು; ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಕಟ್ಟಿದ ವರ್ಷ, ಇವುಗಳಲ್ಲಿ ಒಂದು ತಪ್ಪಾಗಿ ದಾಖಲಾಗಿದ್ದರೂ ಲೆಕ್ಕವೆಲ್ಲ ತಪ್ಪುತ್ತದೆ. ಸಾಮಾನ್ಯವಾಗಿ ವಾಸದ ಮನೆಗಳ ಮೌಲ್ಯವನ್ನು ಆಸುಪಾಸಿನ ಇತ್ತೀಚಿನ ಮಾರಾಟಗಳೊಂದಿಗೆ ಹೋಲಿಸಿಯೂ, ಬಾಡಿಗೆ ಕಟ್ಟಡಗಳದ್ದನ್ನು ಅವು ತರುವ ಆದಾಯದಿಂದಲೂ, ಮಾರಾಟವೇ ಅಪರೂಪವಾದ ಕಟ್ಟಡಗಳದ್ದನ್ನು ಮರುನಿರ್ಮಾಣದ ವೆಚ್ಚದಲ್ಲಿ ಸವಕಳಿ (ಕಟ್ಟಡ ಹಳತಾದಂತೆ ಇಳಿಯುವ ಬೆಲೆ) ಕಳೆದೂ ನಿರ್ಧರಿಸುತ್ತಾರೆ. ಮೌಲ್ಯ ಇಮ್ಮಡಿಯಾದರೆ ತೆರಿಗೆಯೂ ಇಮ್ಮಡಿಯಾಗುತ್ತದೆಂಬ ಭಯ ಎಲ್ಲೆಡೆಯೂ ನಿಜವಲ್ಲ: ಸಂಗ್ರಹಿಸಬೇಕಾದ ಒಟ್ಟು ಮೊತ್ತವನ್ನು ಮೊದಲೇ ನಿಗದಿಪಡಿಸಿ ಎಲ್ಲ ಆಸ್ತಿಗಳ ಮೇಲೆ ಹಂಚುವ ಪದ್ಧತಿಯಿರುವಲ್ಲಿ, ಮೌಲ್ಯವು ಸರಾಸರಿಗಿಂತ ಕಡಿಮೆ ಏರಿದ ಆಸ್ತಿಯ ತೆರಿಗೆ ಇಳಿಯಲೂಬಹುದು. ಆಕ್ಷೇಪಣೆಯನ್ನು ಗಡುವಿನೊಳಗೆ, ಹೋಲಿಕೆಗೆ ಒದಗುವ ಮಾರಾಟಗಳ ದಾಖಲೆಗಳೊಂದಿಗೆ, ಲಿಖಿತವಾಗಿ ಸಲ್ಲಿಸಬೇಕು. ತೆರಿಗೆ ಹೆಚ್ಚಾಯಿತೆಂಬ ದೂರು ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಮೌಲ್ಯವೇ ತಪ್ಪೆಂದು ತೋರಿಸಬೇಕಾಗುತ್ತದೆ.