ಟ್ಯಾಲಿ ಇದೆಯಲ್ಲ, ಮತ್ತೆ ಎಂಇಎಸ್ ಯಾಕೆ?

ಬೆಂಗಳೂರಿನ ಪೀಣ್ಯ ಕಡೆ ಸಾಂಬಾರ್ ಪುಡಿ, ಚಟ್ನಿಪುಡಿ ಮಾಡುವ ಸಣ್ಣ ಕಾರ್ಖಾನೆಗಳಲ್ಲಿ ಎಂಇಎಸ್ (ತಯಾರಿಕೆಯ ಹೆಜ್ಜೆಗಳನ್ನು ದಾಖಲಿಸುವ ಸಾಫ್ಟ್‌ವೇರ್) ಮಾತು ತೆಗೆದರೆ ಮಾಲೀಕರು ಮೊದಲು ಕೇಳುವುದೇ ಇದನ್ನು. ನ್ಯಾಯವಾದ ಪ್ರಶ್ನೆ. ಎಷ್ಟು ಮೂಟೆ ಮೆಣಸಿನಕಾಯಿ ಬಂತು, ಎಷ್ಟು ಬಾಕ್ಸ್ ಪುಡಿ ಹೋಯಿತು ಎಂಬುದು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಸಿಗುತ್ತದೆ. ನಡುವೆ ಶೆಡ್‌ನೊಳಗೆ ಏನಾಯಿತು? ಯಾವ ಮೂಟೆ ಯಾವ ಬ್ಯಾಚಿಗೆ ಬಿತ್ತು, ಎಷ್ಟು ಹೊತ್ತು ಹುರಿದರು, ಜರಡಿ ಯಾರು ನೋಡಿದರು? ಅದೆಲ್ಲ ರಿಜಿಸ್ಟರಿನಲ್ಲಿರುತ್ತದೆ, ಇಲ್ಲವೇ ಸೂಪರ್‌ವೈಸರ್ ತಲೆಯಲ್ಲಿರುತ್ತದೆ.

ಆ ನಡುವಿನ ಭಾಗವನ್ನು ನೋಡಿಕೊಳ್ಳುವುದೇ ಮ್ಯಾನುಫ್ಯಾಕ್ಚರಿಂಗ್ ಎಕ್ಸಿಕ್ಯೂಷನ್ ಸಿಸ್ಟಂ, ಅಂದರೆ ಎಂಇಎಸ್. ಕಾರ್ಖಾನೆಯ ಸಿಸ್ಟಂಗಳನ್ನು ಮಟ್ಟಗಳಾಗಿ ವಿಂಗಡಿಸುವ ಐಎಸ್‌ಎ-95 ಎಂಬ ಮಾನದಂಡದಲ್ಲಿ ಇದಕ್ಕೆ 3ನೇ ಮಟ್ಟ. ಇದರ ಮೇಲೆ ಆರ್ಡರು, ಲೆಕ್ಕ ನೋಡುವ ಇಆರ್‌ಪಿ ಸಾಫ್ಟ್‌ವೇರ್. ಕೆಳಗೆ ಮೆಷಿನ್ ನಡೆಸುವ ಪಿಎಲ್‌ಸಿ ಎಂಬ ಸಣ್ಣ ಕಂಪ್ಯೂಟರ್.

ಮೊದಲು ಶೆಡ್ ಸುತ್ತಿ ಬನ್ನಿ

ಸಾಫ್ಟ್‌ವೇರ್‌ನವರಿಗೆ ಫೋನ್ ಮಾಡುವುದು ಆಮೇಲೆ. ಒಂದು ಬ್ಯಾಚನ್ನು ಹಿಡಿದು ಗೋಡೌನಿನಿಂದ ಪ್ಯಾಕಿಂಗ್‌ವರೆಗೆ ಅದರ ಜೊತೆಗೇ ನಡೆಯಿರಿ. ಸರಕು ಎಲ್ಲೆಲ್ಲಿ ಸೇರುತ್ತದೆ, ಎಲ್ಲೆಲ್ಲಿ ಬೇರೆಯಾಗುತ್ತದೆ ಎಂದು ಬರೆದುಕೊಳ್ಳಿ. ಎರಡು ಲಾಟ್ ಬ್ಯಾಡಗಿ ಮೆಣಸಿನಕಾಯಿ ಒಂದೇ ಡ್ರಮ್ಮಿಗೆ ಬೀಳುತ್ತದೆಯೇ? ಪಲ್ವರೈಸರ್‌ನಿಂದ (ಪುಡಿ ಮಾಡುವ ಯಂತ್ರ) ಬಂದ ಪುಡಿ ಎರಡು ಪ್ಯಾಕಿಂಗ್ ಮೆಷಿನ್‌ಗೆ ಹೋಗುತ್ತದೆಯೇ?

ಎಲ್ಲಕ್ಕಿಂತ ಜಾಸ್ತಿ ಎಡವಟ್ಟಾಗುವುದು ಉಳಿಕೆ ಪುಡಿಯಲ್ಲಿ. ಸಂಜೆ ಮೆಷಿನ್‌ಗೆ ಪುಡಿ ಸುರಿಯುವ ಹಾಪರ್‌ನಲ್ಲಿ ಉಳಿದ ಪುಡಿ, ಸೀಲ್ ಸರಿಯಾಗದೆ ಒಡೆದ ಪ್ಯಾಕೆಟ್‌ಗಳ ಪುಡಿ, ಎಲ್ಲ ಒಂದು ಟಬ್ಬಿಗೆ ಬೀಳುತ್ತದೆ. ಮಾರನೇ ದಿನ ಸುಮ್ನೆ ಹೊಸ ಬ್ಯಾಚಿಗೆ ಸೇರಿಕೊಳ್ಳುತ್ತದೆ. ಅಲ್ಲಿಗೆ ನಿನ್ನೆಯ ಮೆಣಸಿನಕಾಯಿ ಇವತ್ತಿನ ಬ್ಯಾಚ್ ನಂಬರಿನಲ್ಲಿ ಅಂಗಡಿ ತಲುಪಿತು. ಆ ಟಬ್ಬಿಗೂ ಒಂದು ಲೇಬಲ್, ಒಂದು ಲಾಟ್ ನಂಬರ್ ಕೊಡದಿದ್ದರೆ ಎಷ್ಟು ದುಡ್ಡಿನ ಸಾಫ್ಟ್‌ವೇರ್ ತಂದರೂ ಜಾಡು ಅಲ್ಲೇ ತಪ್ಪುತ್ತದೆ.

ತೂಕದಿಂದ ಶುರು ಮಾಡಿ

ಒಂದೇ ಲೈನ್, ಒಂದೇ ಪುಡಿ ಆರಿಸಿಕೊಳ್ಳಿ. ಸರಕು ಇಳಿದ ಕೂಡಲೇ ಮೂಟೆಗೆ ಬಾರ್‌ಕೋಡ್ ಅಂಟಿಸಿ. ಸಪ್ಲೈಯರ್, ಲಾಟ್, ತೂಕ, ತೇವಾಂಶ ಆಗಲೇ ದಾಖಲಾಗಲಿ. ಮೆಣಸಿನಪುಡಿಯಲ್ಲಿ ತೇವಾಂಶ 11%ಕ್ಕಿಂತ ಹೆಚ್ಚಿರಬಾರದು ಎನ್ನುತ್ತದೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಹಸಿ ಹಸಿಯಾಗಿರುವ ಮೂಟೆಯನ್ನು ‘ತಡೆಹಿಡಿ’ ಎಂದು ಗುರುತಿಸಿದರೆ, ಅದನ್ನು ಯಾರೇ ಸ್ಕ್ಯಾನ್ ಮಾಡಿದರೂ ಬ್ಯಾಚ್ ಮುಂದಕ್ಕೆ ಹೋಗಬಾರದು.

ಆಮೇಲೆ ತೂಕದ ಯಂತ್ರವನ್ನು ಸಿಸ್ಟಂಗೆ ಜೋಡಿಸಿ. ಪರದೆಯ ಮೇಲೆ ‘ಇಂಗು, 2 ಕೆ.ಜಿ.’ ಎಂದು ಬರುತ್ತದೆ. ಆಪರೇಟರ್ ಡಬ್ಬದ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾರೆ, ತೂಗುತ್ತಾರೆ. ನೀವು ಕೊಟ್ಟ ಮಿತಿಯೊಳಗೆ ತೂಕ ಬಂದರೆ ಹಸಿರು, ಇಲ್ಲದಿದ್ದರೆ ಕೆಂಪು. ಅಂಕಿ ತಾನಾಗಿಯೇ ಸಿಸ್ಟಂಗೆ ಹೋಗುತ್ತದೆ, ಯಾರೂ ಟೈಪ್ ಮಾಡಬೇಕಿಲ್ಲ.

ಇಂಗಿನ ಹೆಸರು ಸುಮ್ನೆ ತೆಗೆಯಲಿಲ್ಲ. ಅಂಗಡಿಯಲ್ಲಿ ಸಿಗುವ ಹಿಟ್ಟು ಬೆರೆಸಿದ (ಕಾಂಪೌಂಡೆಡ್) ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟಿರುತ್ತದೆ, ಕೆಲವರದ್ದರಲ್ಲಿ ಅಕ್ಕಿ ಹಿಟ್ಟು. ಗೋಧಿ ಇದ್ದರೆ ಪ್ಯಾಕೆಟ್ ಮೇಲೆ ಅಲರ್ಜಿ ಸೂಚನೆ ಹಾಕಲೇಬೇಕು. ಸ್ಟೋರಿನವರು ಬ್ರ್ಯಾಂಡ್ ಬದಲಿಸಿದ್ದು ಪ್ಯಾಕಿಂಗ್‌ನವರಿಗೆ ಗೊತ್ತಾಗುವುದೇ ಇಲ್ಲ, ಅಲ್ವಾ? ರೆಸಿಪಿಯಲ್ಲಿ ಬರೀ ‘ಇಂಗು’ ಎಂದು ಹಾಕಬೇಡಿ. ಯಾವ ಇಂಗು ಎಂದು ಹಾಕಿ. ಬೇರೆ ಡಬ್ಬ ಸ್ಕ್ಯಾನ್ ಆದರೆ ಸಿಸ್ಟಂ ಅಲ್ಲೇ ನಿಲ್ಲಿಸಲಿ.

ಪರದೆ ಎಲ್ಲಿರಬೇಕು?

ಮೆಷಿನ್ ಪಕ್ಕದಲ್ಲೇ. ಆಫೀಸ್ ರೂಮಿನಲ್ಲಿಟ್ಟರೆ ಸಂಜೆ ಆರಕ್ಕೆ ಒಬ್ಬರು ಕೂತು ಇಡೀ ದಿನದ್ದನ್ನು ಅಂದಾಜಿಗೆ ತುಂಬುತ್ತಾರೆ. ಮೆಟಲ್ ಡಿಟೆಕ್ಟರನ್ನು ಪ್ರತಿ ಗಂಟೆ ಪರೀಕ್ಷಿಸಿದ್ದಾಗಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿದ ರಿಜಿಸ್ಟರ್ ಪುಟ ಯಾರು ನೋಡಿಲ್ಲ? ಅದನ್ನೇ ಕಂಪ್ಯೂಟರಿಗೆ ಏರಿಸಿ ಏನು ಬಂತು! ಪರೀಕ್ಷೆಯ ಹೊತ್ತಿಗೆ ಪರದೆಯೇ ಕೇಳಬೇಕು. ಕಬ್ಬಿಣ, ಕಬ್ಬಿಣವಲ್ಲದ ಲೋಹ, ಸ್ಟೇನ್‌ಲೆಸ್ ಸ್ಟೀಲ್, ಮೂರೂ ಪರೀಕ್ಷಾ ತುಣುಕನ್ನು ಡಿಟೆಕ್ಟರಿನಲ್ಲಿ ಹಾಯಿಸಿದ ಮೇಲೆ ಸಮಯ ತಾನೇ ದಾಖಲಾಗಬೇಕು.

ಮೆಣಸಿನ ಘಾಟು, ಧೂಳು ತಡೆಯುವ ಕವಚ ಇರುವ ಟ್ಯಾಬ್ಲೆಟ್ ತನ್ನಿ. ಬಟನ್‌ಗಳು ಗ್ಲೌಸ್ ಹಾಕಿಕೊಂಡೇ ಒತ್ತುವಷ್ಟು ದೊಡ್ಡದಿರಲಿ. ಭಾಷೆ ಕನ್ನಡ ಇರಲಿ, ಹಿಂದಿಯೂ ಇರಲಿ. ನಮ್ಮ ಶೆಡ್‌ಗಳಲ್ಲಿ ಹಾವೇರಿಯವರೂ ಇದ್ದಾರೆ, ಒಡಿಶಾದವರೂ ಇದ್ದಾರೆ. ಕರೆಂಟ್ ಹೋದರೆ ಯುಪಿಎಸ್, ಇಂಟರ್‌ನೆಟ್ ಹೋದರೆ ಅಲ್ಲೇ ಉಳಿಸಿಕೊಳ್ಳುವ ವ್ಯವಸ್ಥೆ, ಎರಡನ್ನೂ ಕೇಳಿ ಪಡೆಯಿರಿ.

ಡ್ಯಾಶ್‌ಬೋರ್ಡ್, ಓಇಇ (ಮೆಷಿನ್ ಎಷ್ಟು ಚೆನ್ನಾಗಿ ದುಡಿಯಿತು ಎಂಬ ಅಳತೆ) ಗ್ರಾಫ್ ಇತ್ಯಾದಿ ಈಗಲೇ ಬೇಡ. ದಾಖಲೆ ನೆಟ್ಟಗಾದ ಮೇಲೆ ಅವು ತಾವಾಗಿ ಬರುತ್ತವೆ.

ಅಂಗಡಿಯಿಂದ ಒಂದು ಪ್ಯಾಕೆಟ್ ತನ್ನಿ

ಸ್ವಲ್ಪ ದಿನ ರಿಜಿಸ್ಟರೂ ಸಿಸ್ಟಮ್ಮೂ ಜೊತೆಗೆ ನಡೆಯಲಿ, ಆದರೆ ರಿಜಿಸ್ಟರ್ ನಿಲ್ಲಿಸುವ ತಾರೀಕನ್ನು ಮೊದಲೇ ಹೇಳಿಬಿಡಿ. ಎರಡೂ ಇದ್ದಷ್ಟು ದಿನ ಜನ ಹಳೆಯದನ್ನೇ ನಂಬುತ್ತಾರೆ.

ಆಮೇಲೆ ಪರೀಕ್ಷೆ. ನಿಮ್ಮದೇ ಪ್ಯಾಕೆಟ್ ಒಂದನ್ನು ಅಂಗಡಿಯಿಂದ ಕೊಂಡು ತನ್ನಿ. ಅದರ ಬ್ಯಾಚ್ ನಂಬರಿನಿಂದ ಹಿಂದಕ್ಕೆ ಹೋಗಿ ಮೂಟೆ ಹುಡುಕಿ. ಆ ಮೂಟೆಯಿಂದ ಮುಂದಕ್ಕೆ ಬಂದು, ಅದು ಇನ್ನೂ ಯಾವ ಬ್ಯಾಚಿಗೆ, ಯಾವ ಡೀಲರಿಗೆ ಹೋಗಿದೆ ಎಂದು ನೋಡಿ. ಕೆ.ಜಿ. ಲೆಕ್ಕವೂ ತಾಳೆಯಾಗಬೇಕು: 500 ಕೆ.ಜಿ. ಹಾಕಿ 480 ಪ್ಯಾಕ್ ಆಗಿದ್ದರೆ ಉಳಿದ 20 ಹುರಿಯುವಾಗ ಹೋದ ತೇವವೋ, ಧೂಳೋ, ಆ ಟಬ್ಬೋ? ಎಫ್‌ಎಸ್‌ಎಸ್‌ಎಐನ 2017ರ ಆಹಾರ ವಾಪಸಾತಿ ನಿಯಮಗಳಡಿ ತಯಾರಕರು ಮಾಲು ಹಿಂದಕ್ಕೆ ಕರೆಸುವ ಯೋಜನೆ ಇಟ್ಟುಕೊಂಡಿರಬೇಕು. ಅದು ಫೈಲಿನಲ್ಲಷ್ಟೇ ಇದೆಯೋ, ನಡೆಯುತ್ತದೆಯೋ ಎಂಬುದು ಇಲ್ಲಿ ಗೊತ್ತಾಗುತ್ತದೆ.

ದುಡ್ಡು ಕೊಡುವ ಮುಂಚೆ ಇನ್ನೆರಡು ಕೆಲಸ. ಮಾರುವವರ ಸ್ಲೈಡ್ ಪಕ್ಕಕ್ಕಿಟ್ಟು, ಉಳಿಕೆ ಪುಡಿ ಸೇರಿದ ನಿಮ್ಮದೇ ಒಂದು ಬ್ಯಾಚನ್ನು ಅವರ ಸಿಸ್ಟಂನಲ್ಲಿ ನಡೆಸಿ ತೋರಿಸಲು ಹೇಳಿ. ಚಂದಾ ನಿಲ್ಲಿಸಿದರೂ ಹಳೆಯ ಬ್ಯಾಚ್‌ಗಳ ದಾಖಲೆ ನಿಮ್ಮ ಕೈಗೆ ಎಕ್ಸೆಲ್‌ನಲ್ಲಿ ಸಿಗುತ್ತದೆ ಎಂದು ಅಗ್ರಿಮೆಂಟಿನಲ್ಲಿ ಬರೆಸಿಕೊಳ್ಳಿ.