ಮನೆಯಲ್ಲೇ ಕಾರು ರಿಪೇರಿ: ಬ್ಯಾಟರಿ ಇಂಪ್ಯಾಕ್ಟ್ ಗನ್ ಆರಿಸಿಕೊಂಡ ನನ್ನ ಅನುಭವ

ಬ್ರೇಕ್ ಪ್ಯಾಡ್ ಬದಲಿಸುವುದು, ಚಕ್ರಗಳನ್ನು ಹಿಂದೆ ಮುಂದೆ ಮಾಡುವುದು, ಶಾಕ್ ಅಬ್ಸಾರ್ಬರ್ ಬಿಚ್ಚಿ ಹಾಕುವುದು ಮುಂತಾದ ಕೆಲಸಗಳನ್ನು ನಾನು ಬೆಳಗಾವಿಯ ನಮ್ಮ ಮನೆಯಂಗಳದಲ್ಲೇ ಮಾಡಿಕೊಳ್ಳುತ್ತೇನೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಒಣಗುವುದೇ ಅಪರೂಪ; ಅದರ ಜೊತೆಗೆ ಚೋರ್ಲಾ ಘಾಟ್ ಇಳಿದು ಗೋವಾದ ಕಡಲಂಚಿಗೆ ಹೋಗಿ ಬರುವ ಕಾರಾದರೆ ಅದರ ಕೆಳಭಾಗದ ಬೋಲ್ಟುಗಳಿಗೆ ತುಕ್ಕು ಬೇಗ ಹತ್ತುತ್ತದೆ. ಅಂಥ ಬೋಲ್ಟನ್ನು ಉದ್ದನೆಯ ಪಾನಾ ಹಾಕಿ ಮೈಭಾರ ಬಿಟ್ಟು ಎಳೆದಾಗ ಸ್ಟ್ಯಾಂಡ್ ಮೇಲೆ ನಿಂತ ಕಾರು ಅಲುಗುತ್ತದೆ, ಮತ್ತು ನಟ್ ಬೋಲ್ಟು ಬಿಚ್ಚುವ ಬ್ಯಾಟರಿಯ ಇಂಪ್ಯಾಕ್ಟ್ ಗನ್ ನನಗೆ ಬೇಕೆನಿಸಿದ್ದು ಮುಖ್ಯವಾಗಿ ಆ ಕಾರಣಕ್ಕೆ. ಇಂಪ್ಯಾಕ್ಟ್ ಗನ್ನಿನ ಒಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ ಒಂದು ಸುತ್ತಿಗೆ ತಿರುಗುತ್ತಾ ವೇಗ ಪಡೆದು, ಸಾಕೆಟ್ ಹಿಡಿದಿರುವ ದಂಡಕ್ಕೆ ಮೇಲಿಂದ ಮೇಲೆ ಬಡಿಯುತ್ತದೆ. ಬಲವೆಲ್ಲ ಚಿಕ್ಕ ಚಿಕ್ಕ ಹೊಡೆತಗಳಾಗಿ ಬೋಲ್ಟಿಗೆ ತಲುಪುವುದರಿಂದ ಕಾರಿನ ಮೇಲಾಗಲಿ ಹಿಡಿದವರ ಮಣಿಕಟ್ಟಿನ ಮೇಲಾಗಲಿ ದೊಡ್ಡ ಎಳೆತ ಬೀಳುವುದಿಲ್ಲ.

ಎಷ್ಟು ಬಲದ ಗನ್ ಬೇಕು ಎಂಬುದನ್ನು ನಾನು ಅಂಗಡಿಗೆ ಹೋಗುವ ಮೊದಲೇ ಲೆಕ್ಕ ಹಾಕಿಕೊಂಡೆ. ನಮ್ಮಲ್ಲಿ ಓಡಾಡುವ ಸಣ್ಣ ಕಾರುಗಳ ಚಕ್ರದ ನಟ್ ಬಿಗಿಸಬೇಕಾದ ಪ್ರಮಾಣ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ (ತಿರುಚುವ ಬಲದ, ಅಂದರೆ ಟಾರ್ಕಿನ ಅಳತೆ). ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರನ್ನು ಹಿಡಿದಿರುವ ಬ್ರ್ಯಾಕೆಟ್ಟಿನ ಬೋಲ್ಟುಗಳೂ ಬಹುಪಾಲು ಇದೇ ಆಸುಪಾಸಿನಲ್ಲಿರುತ್ತವೆ. ತುಕ್ಕು ಹಿಡಿದ ಬೋಲ್ಟು ಬಿಚ್ಚಲು ಬಿಗಿಸಿದ್ದರ ಎರಡರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಲ ಬೇಡುತ್ತದೆ ಎಂದಿಟ್ಟುಕೊಂಡರೂ 300ರಿಂದ 400 ನ್ಯೂಟನ್ ಮೀಟರಿನ ಗನ್ ಮನೆಯ ಕೆಲಸಕ್ಕೆ ಸಾಕು. ಸಾವಿರ ನ್ಯೂಟನ್ ಮೀಟರಿನ ಗನ್ನುಗಳು ಲಾರಿ, ಟ್ರ್ಯಾಕ್ಟರ್ ನೋಡಿಕೊಳ್ಳುವವರಿಗೆ ಸರಿ. ಅವು ಬ್ಯಾಟರಿ ಸಹಿತ ಮೂರು ಕಿಲೋ ಮುಟ್ಟುತ್ತವೆ, ಮತ್ತು ಚಕ್ರ ಬಿಚ್ಚಿದ ಮೇಲೆ ಉಳಿಯುವ ಇಕ್ಕಟ್ಟಾದ ಜಾಗದಲ್ಲಿ ಅವುಗಳ ಮೂತಿ ನೇರವಾಗಿ ಬೋಲ್ಟಿಗೆ ಕೂರುವುದಿಲ್ಲ. ಡಬ್ಬಿಯ ಮೇಲೆ ಬರೆದ ಅಂಕಿ ಬಿಗಿಸುವ ಬಲದ್ದೋ ಬಿಚ್ಚುವ ಬಲದ್ದೋ ಎಂಬುದನ್ನು ಕೇಳಿ ತಿಳಿಯಬೇಕು. ಉದಾಹರಣೆಗೆ, ಮಕಿಟಾ ಕಂಪನಿಯ ಡಿಟಿಡಬ್ಲ್ಯು 300 ಮಾದರಿಗೆ ಬಿಗಿಸುವ ಬಲ 330, ಬಿಚ್ಚುವ ಬಲ 580 ನ್ಯೂಟನ್ ಮೀಟರ್ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಒಂದೇ ದೊಡ್ಡ ಅಂಕಿ ಬರೆದು ಸುಮ್ಮನಿರುವ ಗನ್ನುಗಳನ್ನು ನಾನು ಪಟ್ಟಿಯಿಂದಲೇ ತೆಗೆದೆ.

ಹೆಚ್ಚು ಹೊತ್ತು ಹಿಡಿದದ್ದು ಬ್ಯಾಟರಿಯ ವಿಚಾರ. ಅಗ್ಗದ ಗನ್ನುಗಳ ಬ್ಯಾಟರಿಯ ಮೇಲೆ 48, 88, 128 ಎಂದು ವೋಲ್ಟ್ ಅನ್ನುವಂತೆ ಕಾಣುವ ದೊಡ್ಡ ದೊಡ್ಡ ಅಂಕಿಗಳಿರುತ್ತವೆ. ಒಳಗಿರುವ ಒಂದೊಂದು ಲಿಥಿಯಂ ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.6, ಪೂರ್ತಿ ಚಾರ್ಜ್ ಆದಾಗ 4.2, ಐದು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಬರುವುದು 18 ವೋಲ್ಟ್, ತುಂಬಿದಾಗ 21. ಒಂದು ಕಂಪನಿ 18 ವೋಲ್ಟ್ ಎನ್ನುವುದೂ ಇನ್ನೊಂದು 20 ವೋಲ್ಟ್ ಮ್ಯಾಕ್ಸ್ ಎನ್ನುವುದೂ ಇದೇ ಐದು ಸೆಲ್ಲಿನ ಸಾಲನ್ನು. ನಾನು ಎರಡು ಬ್ಯಾಟರಿಗಳನ್ನು ಎರಡು ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ, ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು, “ಸರ, ಮ್ಯಾಲಿನ ನಂಬರ್ ಬಿಡ್ರೀ, ತೂಕ ನೋಡ್ರೀ” ಎಂದರು. ಆ ಮಾತು ಅಕ್ಷರಶಃ ನಿಜ. 18650 ಎಂಬ ಅಳತೆಯ ಒಂದು ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಮತ್ತು ಅದರಲ್ಲಿ ಸುಮಾರು 3.5 ಆಂಪಿಯರ್ ಅವರ್‌ಗಿಂತ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಹೆಚ್ಚು ತುಂಬಲು ಬರುವುದಿಲ್ಲ. ಹೀಗಿರುವಾಗ ಹತ್ತು ಸೆಲ್ಲಿನ ನಿಜವಾದ 5 ಆಂಪಿಯರ್ ಅವರ್ ಬ್ಯಾಟರಿ ಅರ್ಧ ಕಿಲೋ ದಾಟಲೇಬೇಕು. ಅದರ ಅರ್ಧ ತೂಕದ ಡಬ್ಬಿಯ ಮೇಲೆ ಅದಕ್ಕಿಂತ ದೊಡ್ಡ ಅಂಕಿ ಇದ್ದರೆ ನಂಬಲು ಕಾರಣವಿಲ್ಲ. ಹೀಗೆ ಐದೈದು ಸೆಲ್ಲಿನ ಎರಡು ಸಾಲಿರುವ ಬ್ಯಾಟರಿಯಿಂದ ಗನ್ ಓಡುವ ಹೊತ್ತು ಮಾತ್ರವಲ್ಲ, ಪೆಟ್ಟಿನ ಬಲವೂ ಹೆಚ್ಚುತ್ತದೆ. ಮೋಟಾರು ಎಳೆಯುವ ಕರೆಂಟ್ ಎರಡು ಸಾಲುಗಳಿಗೆ ಹಂಚಿಹೋಗಿ ವೋಲ್ಟೇಜ್ ಕಡಿಮೆ ಕುಸಿಯುವುದೇ ಅದಕ್ಕೆ ಕಾರಣ.

ಕೊನೆಗೆ ನಾನು ತಂದದ್ದು ಅರ್ಧ ಇಂಚಿನ ಚೌಕ ಮೂತಿಯ, ಬ್ರಶ್‌ಲೆಸ್ (ಸವೆಯುವ ಕಾರ್ಬನ್ ಬ್ರಶ್ ಇಲ್ಲದ) ಮೋಟಾರಿನ, 18 ವೋಲ್ಟಿನ ಗಿಡ್ಡ ಗನ್. ವೇಗದ ಹಂತಗಳನ್ನು ಬದಲಿಸುವ ಗುಂಡಿ ಇರುವುದು. ಬಿಡಿಭಾಗ ಮತ್ತು ಬ್ಯಾಟರಿ ಊರಲ್ಲೇ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿದ್ದೆ. ಸಾಕೆಟ್ಟುಗಳನ್ನು ಬೇರೆಯಾಗಿ ಕೊಂಡೆ: ಮಾರುತಿಗೆ 19, ಹುಂಡೈಗೆ 21, ಕ್ಯಾಲಿಪರ್ ಬ್ರ್ಯಾಕೆಟ್ಟಿಗೆ 17 ಮಿಲಿಮೀಟರಿನವು, ಎಲ್ಲವೂ ಇಂಪ್ಯಾಕ್ಟ್‌ಗೆಂದೇ ಮಾಡಿದ ಕಪ್ಪು ಬಣ್ಣದ ಕ್ರೋಮ್ ಮಾಲಿಬ್ಡಿನಂ ಉಕ್ಕಿನವು. ಕೈ ಪಾನಾದ ಹೊಳೆಯುವ ಸಾಕೆಟ್ ಗಟ್ಟಿಯಾಗಿದ್ದರೂ ಪೆಡಸು. ಪೆಟ್ಟು ತಿನ್ನುತ್ತಾ ಸೀಳಿ ಅದರ ಚೂರು ಮುಖಕ್ಕೆ ಸಿಡಿಯಬಹುದು. ಕಣ್ಣು ಕಾಯುವ ಕನ್ನಡಕ ಹಾಕದೆ ನಾನು ಗುಂಡಿ ಒತ್ತುವುದಿಲ್ಲ.

ಶಾಕ್ ಅಬ್ಸಾರ್ಬರಿನ ಕೆಳಗಿನ ಎರಡು ಬೋಲ್ಟುಗಳಲ್ಲಿ ಈ ಆಯ್ಕೆಯ ಪರೀಕ್ಷೆಯಾಯಿತು. ತಂತಿ ಬ್ರಶ್‌ನಿಂದ ಬೋಲ್ಟಿನ ದಾರಗಳ (ತಿರುಪಿನ ಗೆರೆಗಳ) ಮಣ್ಣು ಕೆರೆದು, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಸ್ವಲ್ಪ ಹೊತ್ತು ಬಿಟ್ಟೆ. ಗನ್ನಿಗೂ ಸಾಕೆಟ್ಟಿಗೂ ನಡುವೆ ಹಾಕುವ ಉದ್ದದ ಎಕ್ಸ್‌ಟೆನ್ಶನ್ ಕಂಬಿ ಹೊಡೆತದ ಬಲವನ್ನು ತಿನ್ನುವುದರಿಂದ ಅದನ್ನು ಬಳಸದೆ ಸಾಕೆಟ್ಟನ್ನು ನೇರವಾಗಿ ಕೂರಿಸಿದೆ. ಮೊದಲು ಕಟಕಟ ಸದ್ದು ಒಂದೇ ಸಮನೆ ಬಂತು, ನಟ್ ಅಲುಗಲಿಲ್ಲ. ನಂತರ ಸದ್ದಿನ ಲಯ ಸಡಿಲವಾಗಿ, ದಾರದ ಸಂದಿಯಿಂದ ಕೆಂಪು ಪುಡಿ ಉದುರಿ, ನಟ್ ತಿರುಗತೊಡಗಿತು. ಸ್ಟ್ಯಾಂಡ್ ಮೇಲಿನ ಕಾರು ಕದಲಲಿಲ್ಲ.

ಬಿಚ್ಚಲು ಗನ್, ಬಿಗಿಸಲು ಟಾರ್ಕ್ ಪಾನಾ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಪಾನಾ) ಎಂಬ ಕ್ರಮವನ್ನು ನಾನು ಮುರಿಯುವುದಿಲ್ಲ. ಗನ್ನಿನಿಂದ ಬೇಕಾಬಿಟ್ಟಿ ಬಿಗಿಸಿದರೆ ಚಕ್ರದ ನಟ್ ಕೂರುವ ಸ್ಟಡ್ ಹಿಗ್ಗುತ್ತದೆ, ಬಿಗಿ ಏರುಪೇರಾಗಿ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಬಹುದು. ನಟ್ಟನ್ನು ಬೆರಳಿನಿಂದಲೇ ದಾರಕ್ಕೆ ಹತ್ತಿಸಿ, ಚಕ್ರ ನೆಲ ಮುಟ್ಟಿದ ಮೇಲೆ ಎದುರುಬದುರು ನಟ್‌ಗಳನ್ನು ಸರದಿಯಂತೆ ಕೈಪಿಡಿಯಲ್ಲಿ ಕೊಟ್ಟಷ್ಟೇ ಬಿಗಿಸುತ್ತೇನೆ. ಸ್ಟಡ್‌ಗೆ ಎಣ್ಣೆ ಹಚ್ಚುವುದಿಲ್ಲ, ಹಚ್ಚಿದರೆ ಅದೇ ಅಂಕಿಗೆ ಬಿಗಿ ಮಿತಿಮೀರುತ್ತದೆ. ಎಂಜಿನ್ ಆಯಿಲ್ ನಿಲ್ಲುವ ಅಲ್ಯೂಮಿನಿಯಂ ಸಂಪಿನಿಂದ ಆಯಿಲ್ ಇಳಿಸುವ ಬೋಲ್ಟು, ಸ್ಪಾರ್ಕ್ ಪ್ಲಗ್, ಕ್ಯಾಲಿಪರಿನ ಸಣ್ಣ ಪಿನ್ ಬೋಲ್ಟುಗಳ ಹತ್ತಿರ ಗನ್ ಒಯ್ಯುವುದೇ ಇಲ್ಲ. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ನೋಡಬೇಕು. ಖಾನಾಪುರಕ್ಕೆ ಹೋಗಿ ಬಂದರೆ ಸುಮಾರು ಐವತ್ತಾಗುತ್ತದೆ, ನಾನು ಮನೆಗೆ ಬಂದು ಚಕ್ರಗಳು ತಣ್ಣಗಾದ ಮೇಲೆ ಟಾರ್ಕ್ ಪಾನಾ ಹಾಕಿ ನೋಡುತ್ತೇನೆ.