ತಿರುವಿನಲ್ಲಿ ವಾಲುತ್ತಿದ್ದ ಕಾರನ್ನು ಸರಿಪಡಿಸಿದ ನನ್ನ ಅನುಭವ
ರಾಷ್ಟ್ರೀಯ ಹೆದ್ದಾರಿ 48ರಿಂದ ದಾವಣಗೆರೆಯತ್ತ ಇಳಿಯುವ ತಿರುವುಗಳಲ್ಲಿ ನನ್ನ ಸ್ಪೋರ್ಟ್ಸ್ ಕಾರು ಹೊರಬದಿಗೆ ಅತಿಯಾಗಿ ವಾಲುತ್ತಿತ್ತು. ಮುಂಭಾಗದಿಂದ ಟಕ್ ಟಕ್ ಸದ್ದೂ ಕೇಳಿಸುತ್ತಿತ್ತು. ಸ್ಪ್ರಿಂಗ್ ಕತ್ತರಿಸಿ ಕಾರನ್ನು ತಗ್ಗಿಸಿದರೆ ಸಾಕೆಂದು ಕೆಲವರು ಹೇಳಿದರು. ನಾನು ಅದನ್ನು ಒಪ್ಪಲಿಲ್ಲ. ಏಕೆಂದರೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರನ್ನು ತಗ್ಗಿಸಿದಾಗ ಸಾಮಾನ್ಯವಾಗಿ ರೋಲ್ ಸೆಂಟರ್ (ಕಾರು ವಾಲುವಾಗ ಯಾವುದರ ಸುತ್ತ ತಿರುಗುತ್ತದೋ ಆ ಬಿಂದು) ಗುರುತ್ವ ಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿದು, ಇವೆರಡರ ನಡುವಿನ ಅಂತರ, ಅಂದರೆ ಕಾರನ್ನು ವಾಲಿಸುವ ಸನ್ನೆಯ ಉದ್ದ, ಹೆಚ್ಚುತ್ತದೆ.

ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಕಾರನ್ನು ಎತ್ತಿ ನೋಡಿದಾಗ ಆಂಟಿ ರೋಲ್ ಬಾರನ್ನು ಕಾರಿನ ಚೌಕಟ್ಟಿಗೆ ಹಿಡಿದಿಡುವ ರಬ್ಬರ್ ಬುಷ್‌ಗಳು ಬಿರುಕುಬಿಟ್ಟು, ಬಾರು ಕೈಯಲ್ಲೇ ಅಲ್ಲಾಡುವಷ್ಟು ಸವೆದಿದ್ದವು. ಎಡ ಬಲ ಚಕ್ರಗಳನ್ನು ಜೋಡಿಸುವ ಈ ಸರಳು ತಾನು ತಿರುಚಿಕೊಂಡೇ ವಾಲುವಿಕೆಯನ್ನು ತಡೆಯುವುದರಿಂದ, ಬುಷ್ ಸಡಿಲವಾದಷ್ಟೂ ಅದರ ಹಿಡಿತ ತಡವಾಗುತ್ತದೆ. ಬುಷ್‌ಗಳನ್ನೂ ಬಾರಿನ ತುದಿಗಳನ್ನು ಸಸ್ಪೆನ್ಷನ್‌ಗೆ ಜೋಡಿಸುವ ಎರಡೂ ಲಿಂಕ್‌ಗಳನ್ನೂ ಬದಲಿಸಿದೆವು. ಸದ್ದು ನಿಂತಿತು, ಸ್ಪ್ರಿಂಗ್ ಮುಟ್ಟದೆಯೇ ವಾಲುವಿಕೆಯೂ ಸ್ಪಷ್ಟವಾಗಿ ಕಡಿಮೆಯಾಯಿತು.